ಹಗಲು ಪಾಳಿಯ ಕರೆಂಟು

ಮನ್ನಳ್ಳಿ ಬೀದರ್ ತಾಲೂಕಿನ ಹೋಬಳಿ ಊರು. ತೆಲಂಗಾಣದ ಗಡಿ ಇಲ್ಲಿಂದ ದೂರವಿಲ್ಲ. ಈ ಸೀಮೆಯಲ್ಲಿ ತೊಗರಿ, ಉದ್ದು, ಹೆಸರು, ಸೋಯಾ ಮಳೆಯನ್ನು ನೆಚ್ಚಿಕೊಂಡ ಬೆಳೆಗಳು. ಕಬ್ಬು, ಶುಂಠಿ, ತರಕಾರಿ ಹಾಕಿದವರು ಬೋರು ನೆಚ್ಚಬೇಕು, ಬೋರು ನೆಚ್ಚಿದವರು ತ್ರೀ ಫೇಸ್ ಕರೆಂಟು ಕಾಯಬೇಕು. ಮನೆಗೆ ಸಿಂಗಲ್ ಫೇಸ್ ಬಂದು ಟಿವಿ, ಫ್ಯಾನು ಓಡುತ್ತಿದ್ದರೂ ಹೊಲದ ಮೋಟಾರು ತಿರುಗುವುದಿಲ್ಲ. ಹಾಗಾಗಿ ಈ ಭಾಗದ ಯಾವ ಊರಿನಲ್ಲಾದರೂ ಲೈನ್‌ಮನ್‌ಗೆ ಹೋಗುವ ಫೋನು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ.

"ತಮ್ಮಾ, ಈ ವಾರ ನಮ್ಮ ಫೀಡರಿಗಿ ಹಗಲಿ ಪಾಳಿನೋ, ರಾತ್ರಿ ಪಾಳಿನೋ?"

"ರಾತ್ರಿ ಅದ ಕಾಕಾ. ಹತ್ತರ ಮ್ಯಾಲ ಬರ್ತದ. ನಡಕ ಹೋಯ್ತಂದ್ರ ಫೋನ್ ಮಾಡ್ರಿ."

ರಾತ್ರಿ ಪಾಳಿ ಎಂದರೆ ಏನೆಂದು ಪೇಟೆಯ ಓದುಗರಿಗೆ ಬಿಡಿಸಿ ಹೇಳಬೇಕು. ಆಟೋ ಸ್ಟಾರ್ಟರ್ ಹಾಕಿಸಿದರೆ ಕರೆಂಟು ಬಂದಾಗ ಮೋಟಾರು ತಾನೇ ಶುರುವಾಗುತ್ತದೆ, ಅದು ನಿಜ. ಆದರೆ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ತಾನಾಗಿ ತಿರುಗುವುದಿಲ್ಲ. ಒಬ್ಬರು ಬ್ಯಾಟರಿ ಹಿಡಿದು, ಸಲಿಕೆ ಹೊತ್ತು, ಕಬ್ಬಿನ ಸಾಲಿನೊಳಗೆ ಕೆಸರು ತುಳಿಯುತ್ತ ನಿಲ್ಲಬೇಕು. ಚಳಿಗಾಲದಲ್ಲಿ ಬೀದರಿನ ರಾತ್ರಿ ಎಷ್ಟು ಕೊರೆಯುತ್ತದೆ ಎನ್ನುವುದು ಇಲ್ಲಿಯವರಿಗೆ ಗೊತ್ತು. ಕಾಲಡಿ ಹಾವು ಇರಬಹುದು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿತು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಎಲ್ಲರೂ ನೀರು ಹಾಯಿಸಲು ಹೋಗಿ ಸತ್ತವರೆಂದು ನಾನು ಹೇಳುತ್ತಿಲ್ಲ. ಆದರೆ ರಾತ್ರಿ ಹೊತ್ತು ಹೊಲಕ್ಕೆ ಹೋಗಲೇಬೇಕಾದ ಒತ್ತಾಯವನ್ನು ತಪ್ಪಿಸಿದರೆ ಒಂದಷ್ಟು ಜೀವಗಳಾದರೂ ಉಳಿಯುತ್ತವೆ ಎನ್ನಲು ಅಧ್ಯಯನ ಬೇಕಿಲ್ಲ.

ದೇಶದ ವಿದ್ಯುತ್ತಿನ ಮೂಲ ಕಲ್ಲಿದ್ದಲಿನಿಂದ ಬಿಸಿಲು, ಗಾಳಿಗಳ ಕಡೆಗೆ ವಾಲುತ್ತಿರುವ ಸುದ್ದಿಯನ್ನು ನಾನು ಈ ಫೋನಿನ ಕಡೆಯಿಂದಲೇ ನೋಡುತ್ತೇನೆ. ದೆಹಲಿಯಲ್ಲಿ ಮೆಗಾವ್ಯಾಟ್, ಗಿಗಾವ್ಯಾಟ್‌ಗಳ ಮಾತು ನಡೆಯುತ್ತದೆ. ಮನ್ನಳ್ಳಿಯ ರೈತ ಕೇಳುವುದು ಯಾವ ಹೊತ್ತಿಗೆ ಎಂದು. ಇವೆರಡರಲ್ಲಿ ರೈತನ ಪ್ರಶ್ನೆಯೇ ಈ ಇಡೀ ಬದಲಾವಣೆಯ ತಿರುಳು ಎಂಬುದು ನನ್ನ ನಂಬಿಕೆ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಘೋಷಣೆ ಮಾಡಿತು. ದೇಶದ ಒಟ್ಟು ಸ್ಥಾಪಿತ ವಿದ್ಯುತ್ ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್. ಅದರಲ್ಲಿ ಅರ್ಧ ಈಗ ಕಲ್ಲಿದ್ದಲು, ಅನಿಲ, ಡೀಸೆಲ್ ಸುಡದ ಮೂಲಗಳದ್ದು ಎಂದು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದು ಸಣ್ಣ ಮಾತಲ್ಲ, ಹೆಮ್ಮೆಪಡಬೇಕಾದದ್ದೇ. ಆದರೆ ಅದೇ ಕಾಲದಲ್ಲಿ ದೇಶ ಬಳಸಿದ ನೂರು ಯೂನಿಟ್‌ಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಯೂನಿಟ್ ಬಂದದ್ದು ಕಲ್ಲಿದ್ದಲಿನಿಂದಲೇ. ಎರಡೂ ಸತ್ಯ. ಹತ್ತು ಎಕರೆ ಹೊಲ ಇದ್ದವರ ಮನೆಗೆಲ್ಲ ಒಂದೇ ಸಮ ಫಸಲು ಬರುವುದಿಲ್ಲವಲ್ಲ, ಇದೂ ಹಾಗೆಯೇ. ಒಂದು ಮೆಗಾವ್ಯಾಟ್ ಸೌರ ಫಲಕ ವರ್ಷಕ್ಕೆ ಸುಮಾರು 16ರಿಂದ 18 ಲಕ್ಷ ಯೂನಿಟ್ ಕೊಡುತ್ತದೆ. ರಾತ್ರಿಯಿದೆ, ಮೋಡವಿದೆ, ದೂಳಿದೆ. ಅದೇ ಒಂದು ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಹಗಲುರಾತ್ರಿ ಉರಿದು 60 ಲಕ್ಷದ ಆಸುಪಾಸು ಕೊಡುತ್ತದೆ. ಅಣು ಸ್ಥಾವರ ಇನ್ನೂ ಹೆಚ್ಚು. ನಮ್ಮ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ ನಿಂತಾಗ ಬಿಡದೆ 962 ದಿನ ಓಡಿ ವಿಶ್ವದಾಖಲೆ ಮಾಡಿತ್ತು. ಹೀಗಾಗಿ ಮೆಗಾವ್ಯಾಟ್ ಅಂಕಿಯನ್ನು ನೋಡುವಾಗ ಅದರ ಪಕ್ಕದಲ್ಲಿ ಯೂನಿಟ್ ಅಂಕಿಯನ್ನೂ, ಆ ಯೂನಿಟ್ ಯಾವ ಹೊತ್ತಿಗೆ ಬಂತು ಎಂಬುದನ್ನೂ ಇಟ್ಟು ನೋಡಬೇಕು.

ಕರ್ನಾಟಕದ ಕಥೆಯಲ್ಲಿ ಬಹಳ ಜನ ಮರೆತಿರುವ ಒಂದು ಸಂಗತಿ ಇದೆ. ಇಂಗಾಲ ಕಡಿಮೆ ಉಗುಳುವ ವಿದ್ಯುತ್ತು ನಮಗೆ ಹೊಸದೇನಲ್ಲ, ನಾವು ಶುರು ಮಾಡಿದ್ದೇ ಅಲ್ಲಿಂದ. 1902ರಲ್ಲಿ ಶಿವನಸಮುದ್ರದ ಕಾವೇರಿ ಧುಮುಕುವ ಜಾಗದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿ ಓಡಿಸಿತು. ಜಗತ್ತಿನಲ್ಲಿ ಅಷ್ಟು ದೂರ ವಿದ್ಯುತ್ ಸಾಗಿಸಿದವರು ಆಗ ಬೆರಳೆಣಿಕೆಯಷ್ಟು. ಮೂರು ವರ್ಷ ಕಳೆದು ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. 1948ರಲ್ಲಿ ಜೋಗ, 1960ರ ದಶಕದಲ್ಲಿ ಶುರುವಾಗಿ ಮುಂದೆ 1,035 ಮೆಗಾವ್ಯಾಟ್‌ಗೆ ಬೆಳೆದ ಶರಾವತಿ, ಆಮೇಲೆ ಕಾಳಿ ನದಿ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಕಲ್ಲಿದ್ದಲು ಘಟಕ ಶುರುವಾಗುವ ತನಕ ಈ ರಾಜ್ಯದ ಕರೆಂಟು ಬಹುಪಾಲು ನೀರಿನ ಕರೆಂಟೇ. ಮಳೆ ಕೈಕೊಟ್ಟ ವರ್ಷ ಕಾರ್ಖಾನೆ ನಿಲ್ಲುತ್ತಿತ್ತು, ಊರು ಕತ್ತಲಾಗುತ್ತಿತ್ತು. ಕಲ್ಲಿದ್ದಲು ಬಂದದ್ದು ಆ ಕತ್ತಲೆಗೆ ಉತ್ತರವಾಗಿ. ಅದನ್ನು ತಂದವರನ್ನು ಇಂದು ದೂರುವುದು ಅನ್ಯಾಯ.

ಬೀದರ್ ಮಾತ್ರ ಬೇರೆ ದಾರಿಯಿಂದ ಬಂದ ಜಿಲ್ಲೆ. 1956ರ ನವೆಂಬರ್ ತನಕ ನಾವು ಹೈದರಾಬಾದಿನ ಜೊತೆ. ಮೈಸೂರು ನೀರಿನಿಂದ ದೀಪ ಹಚ್ಚಿದ ಸೀಮೆ, ನಿಜಾಮನ ಹೈದರಾಬಾದು ಸಿಂಗರೇಣಿಯ ಕಲ್ಲಿದ್ದಲಿನಿಂದ ಹಚ್ಚಿದ ಸೀಮೆ. ಹುಸೇನ್ ಸಾಗರದ ದಂಡೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಎದ್ದದ್ದು 1920ರಲ್ಲಿ. ರಾಜ್ಯ ಬದಲಾದರೂ ಆ ನಂಟು ಹರಿಯಲಿಲ್ಲ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ. ರಾಯಚೂರಿಗೆ ಬರುವ ವ್ಯಾಗನ್‌ಗಳಲ್ಲಿ ಇಂದಿಗೂ ಸಿಂಗರೇಣಿಯ ಕಲ್ಲಿದ್ದಲು ಇರುತ್ತದೆ. ರಾಯಚೂರಿನ 1,720 ಮೆಗಾವ್ಯಾಟ್, ಬಳ್ಳಾರಿಯ ಕುಡಿತಿನಿಯ 1,700, ಯರಮರಸಿನ 1,600, ವಿಜಯಪುರ ಜಿಲ್ಲೆಯ ಕೂಡಗಿಯ 2,400 — ಕಲ್ಲಿದ್ದಲಿನ ಈ ದೊಡ್ಡ ಸ್ಥಾವರಗಳೆಲ್ಲ ಉತ್ತರದ ಬಯಲಿನಲ್ಲೇ ಇವೆ. ಬೂದಿಯೂ ಇಲ್ಲೇ ಉಳಿಯುತ್ತದೆ.

ಬೂದಿಯ ಮಾತು ಬಂತು, ಒಂದು ಮೋಟಾರಿನ ಲೆಕ್ಕ ಹಾಕೋಣ. 5 ಎಚ್‌ಪಿ ಮೋಟಾರು ಎಂದರೆ ಸುಮಾರು 3.7 ಕಿಲೋವ್ಯಾಟ್. ಏಳು ತಾಸು ಓಡಿದರೆ 26 ಯೂನಿಟ್. ರಿವೈಂಡಿಂಗ್ ಮಾಡಿಸಿ ಮಾಡಿಸಿ ಹಳೆಯದಾದ ಮೋಟಾರಾದರೆ ಇನ್ನೂ ಹೆಚ್ಚು. ಒಂದು ಯೂನಿಟ್‌ಗೆ ನಮ್ಮ ದೇಶದ ಕಲ್ಲಿದ್ದಲು ಹತ್ತಿರ ಹತ್ತಿರ 700 ಗ್ರಾಂ ಬೇಕು. ಅಂದರೆ ಒಂದು ಬೋರು ಒಂದು ಪಾಳಿ ಓಡಲು 18 ಕಿಲೋ ಕಲ್ಲಿದ್ದಲು. ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದರಷ್ಟು ಬೂದಿಯೇ ಇರುವುದರಿಂದ ಆರು ಕಿಲೋ ಬೂದಿ. ಅದೇ 26 ಯೂನಿಟ್ಟನ್ನು ಬೀದರಿನ ಬಿಸಿಲಿನಲ್ಲಿ ಆರೇಳು ಕಿಲೋವ್ಯಾಟ್ ಫಲಕ ಒಂದು ದಿನದಲ್ಲಿ ಕೊಡುತ್ತದೆ. ಕರ್ನಾಟಕದಲ್ಲಿ ಕೃಷಿ ಪಂಪ್‌ಸೆಟ್‌ಗಳು 30 ಲಕ್ಷಕ್ಕೂ ಹೆಚ್ಚು. ರಾಜ್ಯ ಬಳಸುವ ಒಟ್ಟು ವಿದ್ಯುತ್ತಿನಲ್ಲಿ ಮೂರನೇ ಒಂದರಷ್ಟನ್ನು ಇವೇ ಎಳೆಯುತ್ತವೆ. 10 ಎಚ್‌ಪಿವರೆಗಿನ ಮೋಟಾರಿಗೆ ರೈತರು ಬಿಲ್ಲು ಕಟ್ಟಬೇಕಿಲ್ಲ. ಸರ್ಕಾರ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮೀರಿ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ಕಟ್ಟಿಕೊಡುತ್ತದೆ. ಬೆಂಗಳೂರಿನ ಮಾಳಿಗೆಯ ಮೇಲಿನ ಫಲಕಗಳು ಫೋಟೊದಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಕರ್ನಾಟಕದ ವಿದ್ಯುತ್ತು ನಿಜವಾಗಿ ಬದಲಾಗಬೇಕಾದ ಜಾಗ ಈ ಬೋರಿನ ಬುಡ.

ಆ ಬದಲಾವಣೆ ಶುರುವಾಗಿದೆ. ಬಿಸಿಲಿನ ವಿದ್ಯುತ್ತು ಜಾಸ್ತಿಯಾದಂತೆ ರಾಜ್ಯದ ಗ್ರಿಡ್‌ನಲ್ಲಿ ಹಗಲಿನ ಕರೆಂಟು ಅಗ್ಗವಾಯಿತು, ಹೇರಳವಾಯಿತು. ಮೊದಲು ರಾತ್ರಿ ಹೊತ್ತು ಬೇಡಿಕೆ ಕಡಿಮೆ, ಕಲ್ಲಿದ್ದಲು ಸ್ಥಾವರ ಮಾತ್ರ ನಿಲ್ಲಿಸುವಂತಿಲ್ಲ. ಉಳಿದ ಕರೆಂಟನ್ನು ರೈತನಿಗೆ ಕೊಡುತ್ತಿದ್ದರು. ರಾತ್ರಿ ಪಾಳಿಯ ಹಿಂದಿನ ಕಾರಣ ಅದೇ. ಈಗ ಉಳಿಕೆಯಾಗುವುದು ಹನ್ನೊಂದರಿಂದ ಮೂರರವರೆಗಿನ ಬಿಸಿಲಿನಲ್ಲಿ. ಪಂಪ್‌ಸೆಟ್ ಫೀಡರ್‌ಗಳನ್ನು ಹಗಲಿಗೆ ತಿರುಗಿಸಿದರೆ ಸರ್ಕಾರಕ್ಕೂ ಲಾಭ, ರೈತನಿಗೂ ನೆಮ್ಮದಿ. ಸಾಮಾನ್ಯವಾಗಿ ಸರ್ಕಾರದ ಲೆಕ್ಕವೂ ರೈತನ ಸುಖವೂ ಒಂದೇ ದಿಕ್ಕಿಗೆ ಹೋಗುವುದು ಅಪರೂಪ. ಇಲ್ಲಿ ಹೋಗುತ್ತಿವೆ. ಈ ಅವಕಾಶವನ್ನು ಕಳೆದುಕೊಳ್ಳಬಾರದು.

ಇದು ಸಾಧ್ಯವಾದದ್ದಕ್ಕೆ ಹಿಂದೆ ಮಾಡಿದ ಒಂದು ಕೆಲಸ ಬುನಾದಿಯಾಯಿತು. ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಒಂದೇ ತಂತಿ ಇದ್ದ ಕಾಲದಲ್ಲಿ ಒಂದನ್ನು ನಿಲ್ಲಿಸಿದರೆ ಇನ್ನೊಂದೂ ನಿಲ್ಲುತ್ತಿತ್ತು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿಗೆ ಬೇರೆ ಫೀಡರ್, ಹೊಲಕ್ಕೆ ಬೇರೆ ಫೀಡರ್ ಎಂದು ಬೇರ್ಪಡಿಸಲಾಯಿತು. ಹೊಲದ ಫೀಡರ್ ಬೇರೆ ಇದ್ದಲ್ಲಿ ಮಾತ್ರ ಅದಕ್ಕೆ ಹಗಲಿನ ಪಾಳಿ ಕಟ್ಟಬಹುದು, ಅದರ ಬುಡಕ್ಕೆ ಬಿಸಿಲಿನ ಸ್ಥಾವರ ಜೋಡಿಸಬಹುದು.

2019ರಲ್ಲಿ ಕೇಂದ್ರ ತಂದ ಪಿಎಂ ಕುಸುಮ್ ಯೋಜನೆಯ ಸಿ ಭಾಗ ಮಾಡುವುದು ಇದನ್ನೇ. ಹೊಲಹೊಲಕ್ಕೂ ಫಲಕ ಹಾಕುವ ಬದಲು 33 ಕೆವಿ ಸಬ್‌ಸ್ಟೇಷನ್ನಿನ ಹತ್ತಿರ ಹತ್ತಿಪ್ಪತ್ತು ಎಕರೆಯಲ್ಲಿ ಒಂದು ಸಣ್ಣ ಸೌರ ಸ್ಥಾವರ ಕಟ್ಟುತ್ತಾರೆ. ಅಲ್ಲಿಯ ಕರೆಂಟು 11 ಕೆವಿ ಲೈನಿಗೆ ಸೇರಿ ಸುತ್ತಲಿನ ಪಂಪ್‌ಸೆಟ್ ಫೀಡರ್‌ಗಳಿಗೆ ಹರಿಯುತ್ತದೆ. ರೈತ ಏನನ್ನೂ ಬದಲಿಸಬೇಕಿಲ್ಲ. ಅದೇ ಮೋಟಾರು, ಅದೇ ಸ್ಟಾರ್ಟರ್, ಅದೇ ಟಿಸಿ (ಟ್ರಾನ್ಸ್‌ಫಾರ್ಮರ್). ರಾಯಚೂರಿನಿಂದಲೋ ಕೂಡಗಿಯಿಂದಲೋ ನೂರಾರು ಕಿಲೋಮೀಟರ್ ಬರುವಾಗ ತಂತಿಯಲ್ಲೇ ಸೋರಿಹೋಗುತ್ತಿದ್ದ ವಿದ್ಯುತ್ತು ಉಳಿಯುತ್ತದೆ. ಬೀದರ್ ರಾಜ್ಯದ ತುತ್ತತುದಿ, ಮೇಲಾಗಿ ಫೀಡರಿನ ಕೊನೆಯ ಟಿಸಿಗೆ ವೋಲ್ಟೇಜ್ ಬೀಳುವುದು ಇಲ್ಲಿಯ ಹಳೆಯ ಗೋಳು. ವೋಲ್ಟೇಜ್ ಬಿದ್ದರೆ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತದೆ. ಬೋರಿನಿಂದ ಪೈಪು ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಬೆಳೆ ಬಾಡಿರುತ್ತದೆ. ಸ್ಥಾವರ ಹತ್ತಿರ ಇದ್ದರೆ ಹಗಲಿನ ಹೊತ್ತು ವೋಲ್ಟೇಜ್ ನಿಲ್ಲುತ್ತದೆ. ರಾಜ್ಯದಲ್ಲಿ ಈ ಯೋಜನೆಯ ಒಂದು ಸ್ಥಾವರವನ್ನು 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲೂಕಿನಲ್ಲಿ ಮುಖ್ಯಮಂತ್ರಿ ಉದ್ಘಾಟಿಸಿದರು. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ವ್ಯಾಪ್ತಿಯ ಬೀದರ್, ಕಲಬುರಗಿ, ಯಾದಗಿರಿಗಳಿಗೆ ಇಂಥವು ಬೇಗ ಬರಬೇಕು. ತುದಿಯ ಊರಿಗೆ ಮೊದಲು ಬರಬೇಕು ಎಂದೇ ನಾನು ಹೇಳುತ್ತೇನೆ, ಏಕೆಂದರೆ ವೋಲ್ಟೇಜ್ ಹೆಚ್ಚು ಬೀಳುವುದು ತುದಿಯಲ್ಲಿ.

ಅದೇ ಕುಸುಮ್‌ನ ಬಿ ಭಾಗದಲ್ಲಿ ಲೈನು ತಲುಪದ ಹೊಲಕ್ಕೆ ಒಂಟಿ ಸೌರ ಪಂಪು ಕೊಡುತ್ತಾರೆ. ಕೇಂದ್ರದ ಸಹಾಯಧನದ ಮೇಲೆ ಕರ್ನಾಟಕ ತನ್ನ ಪಾಲನ್ನು ಶೇ 30ರಿಂದ 50ಕ್ಕೆ ಏರಿಸಿದ ಮೇಲೆ ರೈತ ಹಾಕಬೇಕಾದದ್ದು ಐದರಲ್ಲಿ ಒಂದು ಪಾಲು. ಔರಾದ್ ಕಡೆ ಊರಿನಿಂದ ಹೊಲ ದೂರ ಇದ್ದವರಿಗೆ ಕಂಬ, ತಂತಿ, ಟಿಸಿಗೆ ಅಲೆಯುವುದಕ್ಕಿಂತ ಇದು ಹಗುರ.

ಇಲ್ಲಿ ಒಂದು ಭಯವನ್ನು ಬಚ್ಚಿಡದೆ ಹೇಳಬೇಕು. ಬಿಸಿಲಿಗೆ ಬಿಲ್ಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಪುಕ್ಕಟೆ ಮೋಟಾರು ಓಡಿದರೆ ನೆಲದಡಿಯ ನೀರು ಏನಾಗಬೇಕು? ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು ಶುದ್ಧ ಲೆಕ್ಕದಲ್ಲಿ ಕಾಲು ಯೂನಿಟ್‌ಗಿಂತ ತುಸು ಹೆಚ್ಚು ಬೇಕು, ಹೊಲದ ಮೋಟಾರಿನಲ್ಲಿ ಅರ್ಧ ಯೂನಿಟ್ ದಾಟುತ್ತದೆ. ನೀರು ಇನ್ನೂರು ಮೀಟರಿಗೆ ಇಳಿದರೆ ಅದು ಇಮ್ಮಡಿ. ನೀರು ಕೆಳಗಿಳಿದಷ್ಟೂ ಫಲಕ ಹೆಚ್ಚು ಬೇಕು, ಫಲಕ ಹೆಚ್ಚಾದಷ್ಟೂ ನೀರು ಕೆಳಗಿಳಿಯುತ್ತದೆ. ಪಾಕಿಸ್ತಾನವನ್ನು ನೋಡಿ. ವಿದ್ಯುತ್ ದರ ತಾಳಲಾರದೆ ಅಲ್ಲಿಯ ಜನ ಚೀನಾದ ಅಗ್ಗದ ಫಲಕಗಳಿಗೆ ಮುಗಿಬಿದ್ದರು. 2024 ಒಂದೇ ವರ್ಷದಲ್ಲಿ ಸುಮಾರು 17 ಗಿಗಾವ್ಯಾಟ್‌ನಷ್ಟು ಫಲಕ ಆಮದಾಯಿತು. ಪಂಜಾಬ್ ಸೀಮೆಯ ಕೊಳವೆಬಾವಿಗಳೂ ಬಿಸಿಲಿಗೆ ತಿರುಗಿದವು, ಅಂತರ್ಜಲದ ಚಿಂತೆ ಈಗ ಅಲ್ಲಿ ದೊಡ್ಡದು.

ಬೀದರಿನವರು ನೀರಿನ ವಿಷಯದಲ್ಲಿ ಬೇರೆಯವರಿಂದ ಪಾಠ ಕಲಿಯಬೇಕಾಗಿ ಬಂದದ್ದು ನೋವಿನ ಸಂಗತಿ. ನೌಬಾದ್‌ನ ಕರೇಜ್, ನಮ್ಮ ಜನ ಸುರಂಗ ಬಾವಿ ಎನ್ನುವುದು, ಬಹಮನಿಗಳ ಕಾಲದ್ದು. ಮುರ ಕಲ್ಲಿನ ಈ ಎತ್ತರದ ನೆಲದೊಳಗೆ ಇಳಿಜಾರು ಹಿಡಿದು ಸುರಂಗ ಕೊರೆದು, ನಡುನಡುವೆ ಗಾಳಿಬಾವಿ ತೆಗೆದು, ನೀರನ್ನು ತಾನಾಗಿ ಹರಿಸಿದರು. ಎತ್ತುವ ಕೆಲಸವೇ ಇಲ್ಲ. ಆ ನೀರು ನಡೆದದ್ದು ಮೇಲಿನ ಮಣ್ಣು ಮಳೆಯನ್ನು ಹೀರಿಕೊಂಡಷ್ಟು ಮಾತ್ರ ಕೆಳಗೆ ಬರುತ್ತದೆ ಎಂಬ ಲೆಕ್ಕದ ಮೇಲೆ. ಇಂದು ಸುರಂಗ ಕೊರೆಯಿರಿ ಎನ್ನುತ್ತಿಲ್ಲ. ಸೌರ ಪಂಪು ಕೊಡುವಾಗ ಹನಿ ನೀರಾವರಿಯನ್ನು ಜೊತೆಗೇ ಕಟ್ಟಬೇಕು, ಕಬ್ಬಿಗೆ ಕಾಲುವೆ ಕಟ್ಟಿ ನೀರು ಬಿಡುವುದಕ್ಕೆ ಈ ಪಂಪು ಆಗಬಾರದು.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ರೈತರು ಒಂದು ಸೌರ ಸಹಕಾರ ಸಂಘ ಕಟ್ಟಿಕೊಂಡರು. ಹೊಲಕ್ಕೆ ಬೇಕಾದಷ್ಟು ನೀರು ಎತ್ತಿ, ಉಳಿದ ಕರೆಂಟನ್ನು ಸಂಘದ ಮೂಲಕ ವಿದ್ಯುತ್ ಕಂಪನಿಗೆ ಮಾರುತ್ತಾರೆ. ಮಾರಿದ ಯೂನಿಟ್‌ಗೆ ದುಡ್ಡು ಬರುವುದರಿಂದ ಸುಮ್ಮನೆ ನೀರು ಹರಿಸುವ ಮನಸ್ಸಾಗುವುದಿಲ್ಲ. ನಮ್ಮಲ್ಲೂ ಕನಕಪುರ ತಾಲೂಕಿನ ಹಾರೋಬೆಲೆ ಕಡೆ ಸೂರ್ಯ ರೈತ ಎಂಬ ಹೆಸರಿನಲ್ಲಿ ಇಂಥ ಪ್ರಯೋಗ ನಡೆದಿತ್ತು. ಸಕ್ಕರೆ ಕಾರ್ಖಾನೆಯಿಂದ ಹಿಡಿದು ಹಾಲಿನ ಡೇರಿವರೆಗೆ ಸಹಕಾರದ ಪದ್ಧತಿ ಬಲ್ಲ ಬೀದರಿನಲ್ಲಿ, ಭಾಲ್ಕಿಯಂಥ ತಾಲೂಕಿನಲ್ಲಿ, ಇದಕ್ಕೆ ನೆಲ ಹದವಾಗಿದೆ.

ಸಕ್ಕರೆ ಕಾರ್ಖಾನೆ ಎಂದೆನಲ್ಲ, ಅದೂ ಈ ಲೆಕ್ಕಕ್ಕೆ ಸೇರಿದ್ದೇ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ವಿದ್ಯುತ್ತು ಮಾಡಬಹುದು. ಸಿಪ್ಪೆ ಉರಿದಾಗ ಬಿಡುವ ಇಂಗಾಲ ಕಬ್ಬು ಬೆಳೆಯುವಾಗ ಗಾಳಿಯಿಂದ ತೆಗೆದುಕೊಂಡದ್ದೇ. ಮುಖ್ಯವಾಗಿ ಇದು ಕಬ್ಬು ನುರಿಸುವ ಹಂಗಾಮಿನಲ್ಲಿ, ರಾತ್ರಿಯೂ ಸಿಗುವ ಕರೆಂಟು. 2023ರಲ್ಲಿ ಅದರ ಬೆಲೆ ಗೊತ್ತಾಯಿತು. ಮಳೆ ಕೈಕೊಟ್ಟು ರಾಜ್ಯದ 223 ತಾಲೂಕುಗಳು ಬರಪೀಡಿತವಾದವು, ಜಲಾಶಯ ತುಂಬಲಿಲ್ಲ, ಮಳೆಯಿಲ್ಲದ ಆಗಸ್ಟ್‌ನಲ್ಲೇ ಮೋಟಾರುಗಳು ಓಡತೊಡಗಿದವು. ಅಕ್ಟೋಬರ್ ಹೊತ್ತಿಗೆ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಕೊಡುತ್ತಿದ್ದ ಏಳು ತಾಸು ಕರೆಂಟನ್ನು ಐದಕ್ಕೆ ಇಳಿಸಬೇಕಾಯಿತು. ರಾಜ್ಯದೊಳಗೆ ತಯಾರಾದ ವಿದ್ಯುತ್ತನ್ನು ಹೊರಗೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿತು, ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ಕರೆಂಟನ್ನು ಕೈಗಡ ತಂದಿತು, ಸಕ್ಕರೆ ಕಾರ್ಖಾನೆಗಳ ಕಡೆಗೆ ತಿರುಗಿ ನೋಡಿತು. ನೀರು, ಗಾಳಿ, ಬಿಸಿಲುಗಳನ್ನು ನಂಬಿದ ರಾಜ್ಯಕ್ಕೆ ಬರ ಎಂದರೆ ಎರಡು ಕಡೆಯ ಹೊಡೆತ: ಬೇಡಿಕೆ ಏರುತ್ತದೆ, ಉತ್ಪಾದನೆ ಇಳಿಯುತ್ತದೆ. ಮರುವರ್ಷ, 2024ರ ಬೇಸಿಗೆಯಲ್ಲಿ, ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು.

ಇನ್ನು ಭೂಮಿ. ಕೇಂದ್ರದ ವಿದ್ಯುತ್ ಸಾಗಣೆ ಯೋಜನೆಗಳಲ್ಲಿ ಬೀದರಿನ ಹೆಸರಿಗೆ 2,500 ಮೆಗಾವ್ಯಾಟ್‌ನ ಸೌರ ವಲಯ ಇದೆ. ಇಲ್ಲಿಂದ ಹೈದರಾಬಾದ್ ಬಳಿಯ ಮಹೇಶ್ವರಂ ಕಡೆಗೆ 765 ಕೆವಿ ಲೈನು ಎಳೆಯುವುದು ಆ ಯೋಜನೆಯ ಭಾಗ. 2021ರಿಂದ 2024ರವರೆಗೆ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನದ ರಾಜ್ಯ ಸಚಿವರಾಗಿದ್ದ ಭಗವಂತ ಖೂಬಾ ಬೀದರಿನ ಸಂಸದರಾಗಿದ್ದವರು. 2023ರಲ್ಲಿ ರಾಜ್ಯದ ಅರಣ್ಯ, ಪರಿಸರ ಖಾತೆ ವಹಿಸಿಕೊಂಡ ಈಶ್ವರ ಖಂಡ್ರೆ ಭಾಲ್ಕಿಯ ಶಾಸಕರು. ರಾಜಕೀಯವಾಗಿ ಎದುರುಬದುರಾದರೂ ಈ ವಿಷಯದ ಎರಡು ತುದಿಗಳು ಒಂದೇ ಜಿಲ್ಲೆಯವರ ಕೈಗೆ ಬಂದಿದ್ದವು. ಹಾಗಾಗಿ ಈ ವಿಷಯದಲ್ಲಿ ಪ್ರಶ್ನೆ ಕೇಳಲು ಇಲ್ಲಿಯ ಜನಕ್ಕೆ ಬೇರೆ ಜಿಲ್ಲೆಯವರಿಗಿಂತ ಹೆಚ್ಚು ಹಕ್ಕಿದೆ ಎನ್ನಬೇಕು.

ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ. 2,500 ಮೆಗಾವ್ಯಾಟಿಗೆ ಹತ್ತು ಸಾವಿರ ಎಕರೆಗೂ ಮೇಲೆ. ಅಷ್ಟು ಭೂಮಿ ಎಂದರೆ ಹಲವು ಊರುಗಳ ಸೀಮೆ. ಹೀಗೆ ಆದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ತುಮಕೂರು ಜಿಲ್ಲೆಯ ಪಾವಗಡ ಇದೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕು 2019ರ ಕೊನೆಗೆ ಪೂರ್ಣಗೊಂಡಿತು. ಅಲ್ಲಿ ಸರ್ಕಾರ ಮಾಡಿದ ಒಂದು ಒಳ್ಳೆಯ ಕೆಲಸ, ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಹಿಡಿದದ್ದು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆಯಿಲ್ಲದೆ ಶೇಂಗಾ ಒಣಗಿ, ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಹತ್ತು ಎಕರೆ ಇದ್ದ ಮನೆಗೆ ಅದು ಆಸರೆಯಾಯಿತು. ಪಹಣಿಯಲ್ಲಿ ಹೆಸರು ರೈತನದ್ದೇ ಉಳಿಯಿತು.

ಆದರೆ ಪಹಣಿಯಲ್ಲಿ ಹೆಸರೇ ಇಲ್ಲದವರ ಪಾಡೇನು? ಬೇರೆಯವರ ಹೊಲದಲ್ಲಿ ಕಳೆ ತೆಗೆದು, ಕೊಯ್ಲು ಮಾಡಿ ಬದುಕುತ್ತಿದ್ದ ಹೆಂಗಸರಿಗೆ ಕೂಲಿ ಹೋಯಿತು. ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲಿನ ಕೆಲಸ ಕೆಲವರಿಗಷ್ಟೇ ಸಿಕ್ಕಿತು. ಕುರಿ ಮೇಯಿಸುವವರಿಗೆ ಬಯಲು ಬೇಲಿಯೊಳಗೆ ಹೋಯಿತು. ಪಾವಗಡಕ್ಕಿಂತ ಬೀದರಿನ ಸ್ಥಿತಿ ಭಿನ್ನ, ಇದನ್ನು ಒತ್ತಿ ಹೇಳಬೇಕು. ಇಲ್ಲಿ ಮಳೆ ಅಲ್ಲಿಗಿಂತ ಹೆಚ್ಚು, ಎರೆಭೂಮಿಯ ತೊಗರಿ, ಉದ್ದು, ಕಡಲೆ ನೂರಾರು ಊರಿನ ಕೂಲಿಯ ಮೂಲ. ಬೆಳೆ ಬರುವ ಭೂಮಿಯನ್ನು ಬರಡು ಎಂದು ಕಾಗದದಲ್ಲಿ ಬರೆಯುವುದು ಸುಲಭ. ಔರಾದ್ ಕಡೆಯ ಕಲ್ಲುಭೂಮಿ, ಗೈರಾಣ ಎಲ್ಲಿದೆ, ಅದರಲ್ಲಿ ಎಷ್ಟು ದನಕುರಿಗಳಿಗೆ ಮೇವು ಎಂದು ಮೊದಲು ಊರೂರು ಅಳೆದು ನೋಡಬೇಕು.

ನನ್ನ ಮಟ್ಟಿಗೆ ಸಬ್‌ಸ್ಟೇಷನ್ ಪಕ್ಕದ ಸಣ್ಣ ಸ್ಥಾವರಗಳು ಈ ಜಿಲ್ಲೆಗೆ ದೊಡ್ಡ ಪಾರ್ಕಿಗಿಂತ ಹೆಚ್ಚು ಹೊಂದುತ್ತವೆ. ಅವುಗಳ ಕರೆಂಟು ಇಲ್ಲೇ ಖರ್ಚಾಗುತ್ತದೆ, ಭೂಮಿ ಒಂದೇ ಕಡೆ ಗುಡ್ಡೆಯಾಗಿ ಹೋಗುವುದಿಲ್ಲ. ದೊಡ್ಡ ಪಾರ್ಕು ಬರುವುದೇ ಆದರೆ ಅದು ಗುತ್ತಿಗೆಯ ಮೇಲೆ ಬರಲಿ, ಗುತ್ತಿಗೆ ಪತ್ರದಲ್ಲಿ ಭೂಮಿಯಿಲ್ಲದ ಮನೆಗಳಿಗೂ ಒಂದು ಪಾಲು ಬರೆದಿರಲಿ. 765 ಕೆವಿ ಲೈನು ತಲೆಯ ಮೇಲೆ ಹಾದು ಹೋಗುವ ಊರಿನಲ್ಲಿ ರಾತ್ರಿ ಪಾಳಿ ಮುಂದುವರಿದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಈ ಬದಲಾವಣೆಯಲ್ಲಿ ಬಗೆಹರಿಯದೆ ಉಳಿದಿರುವ ಗಂಟು ಸಂಜೆಯದು. ಆರೂವರೆಗೆ ಬಿಸಿಲು ಮುಗಿಯುತ್ತದೆ, ಮನೆಮನೆಯಲ್ಲಿ ದೀಪ, ಫ್ಯಾನು, ಮಿಕ್ಸರ್ ಒಟ್ಟಿಗೆ ಶುರುವಾಗುತ್ತವೆ. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಮಧ್ಯಾಹ್ನ ಎರಡು ಮೂರು ರೂಪಾಯಿಗೆ ಸಿಕ್ಕ ಯೂನಿಟ್ಟು ಬೇಸಿಗೆಯ ಸಂಜೆ, ರಾತ್ರಿಗಳಲ್ಲಿ ಹತ್ತು ರೂಪಾಯಿಯ ಗರಿಷ್ಠ ಮಿತಿಯನ್ನೇ ಮುಟ್ಟುವುದಿದೆ. ಆ ಹೊತ್ತಿಗೆ ರಾಯಚೂರು, ಬಳ್ಳಾರಿಗಳ ಒಲೆಯೇ ಗತಿ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಎತ್ತಿಡುವ ದಾರಿಗಳು ಎರಡು. ಒಂದು ಬ್ಯಾಟರಿ. ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಇನ್ನೊಂದು, ಹಗಲಿನ ಅಗ್ಗದ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ ಸಂಜೆ ಧುಮುಕಿಸುವುದು. ಶರಾವತಿ ಕಣಿವೆಯಲ್ಲಿ ಇಂಥ 2,000 ಮೆಗಾವ್ಯಾಟ್ ಯೋಜನೆ ಮಾಡಲು ರಾಜ್ಯ ಹೊರಟಿದೆ. ಸಿಂಗಳೀಕಗಳು ಬದುಕುವ ಅಭಯಾರಣ್ಯದ ಕಾಡು ಅದಕ್ಕೆ ಹೋಗುತ್ತದೆ ಎಂದು ಮಲೆನಾಡಿನ ಜನ ವಿರೋಧಿಸುತ್ತಿದ್ದಾರೆ. ಶರಾವತಿಯ ದೀಪಕ್ಕಾಗಿ 1960ರ ದಶಕದಲ್ಲೇ ಊರು, ಮನೆ, ಗದ್ದೆ ಮುಳುಗಿಸಿಕೊಂಡವರ ಮಕ್ಕಳು ಅವರು. ಮತ್ತೆ ಅವರ ಕಣಿವೆಯನ್ನೇ ಕೇಳುವ ಮುನ್ನ ಬೇರೆ ದಾರಿಗಳನ್ನು ಪೂರ್ತಿ ನೋಡಬೇಕಲ್ಲವೇ?

ಬೇರೆ ದಾರಿಗಳಲ್ಲಿ ಅತಿ ಅಗ್ಗದ್ದು ಬೇಡಿಕೆಯನ್ನೇ ಹಗಲಿಗೆ ಸರಿಸುವುದು. ಬ್ಯಾಟರಿ ಇಲ್ಲದೆ, ಅಣೆಕಟ್ಟು ಇಲ್ಲದೆ, ಕಾಡು ಕಡಿಯದೆ ಮೂವತ್ತು ಲಕ್ಷ ಮೋಟಾರುಗಳನ್ನು ಬಿಸಿಲಿನ ತಾಸುಗಳಿಗೆ ತಂದರೆ ಸಂಜೆಯ ಮತ್ತು ರಾತ್ರಿಯ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಉಳಿದದ್ದಕ್ಕೆ ಎಷ್ಟು ಬ್ಯಾಟರಿ, ಎಷ್ಟು ಕಣಿವೆ ಬೇಕೆಂಬ ಲೆಕ್ಕವನ್ನು ಆಮೇಲೆ ಹಾಕಬೇಕು. ಆದ್ದರಿಂದ ಜೆಸ್ಕಾಂ ಮೊದಲು ಮಾಡಬೇಕಾದ ಕೆಲಸ ಒಂದು ಪಟ್ಟಿ ಪ್ರಕಟಿಸುವುದು: ಮನ್ನಳ್ಳಿ, ಭಾಲ್ಕಿ, ಔರಾದ್ ಸೇರಿ ಬೀದರ್ ಜಿಲ್ಲೆಯ ಪ್ರತಿ ಪಂಪ್‌ಸೆಟ್ ಫೀಡರಿಗೆ ವಾರದಲ್ಲಿ ಎಷ್ಟು ತಾಸು ಹಗಲು, ಎಷ್ಟು ತಾಸು ರಾತ್ರಿ, ನಡುವೆ ಎಷ್ಟು ಸಲ ಹೋಯಿತು, ಕೊನೆಯ ಟಿಸಿಯಲ್ಲಿ ವೋಲ್ಟೇಜ್ ಎಷ್ಟಿತ್ತು. ಸಬ್‌ಸ್ಟೇಷನ್ನಿನ ಲಾಗ್ ಬುಕ್ಕಿನಲ್ಲಿ ಇದರಲ್ಲಿ ಬಹುಪಾಲು ಬರೆದೇ ಇರುತ್ತದೆ. ಅದನ್ನು ಪ್ರತಿ ತಿಂಗಳು ಪಂಚಾಯಿತಿ ಗೋಡೆಗೆ ಅಂಟಿಸಬೇಕು.